ಬೆಳಗಿನ ಹಾಡಿಗೆ ಎದುರು ದನಿ

೧೨ ನವೆಂಬರ್, ಭಾನುವಾರ
ಕೀರ್ತನೆ ಮುಗಿಸಿ ಬಂದು

ಪ್ರೀತಿಯ ಹೂಂ-ರಾಯರಿಗೆ,

ನಿಮ್ಮ ಪತ್ರ ತಲುಪಿತು. ‘ಆದದ್ದಾಯಿತು. ಮನೆಗೆ ಬಾ.’ ಮದುವೆಯಾದಾಗಿನಿಂದ ನಾನಾಡಿದ್ದಕ್ಕೆಲ್ಲ ಹೂಂ ಎಂದವರು ಒಮ್ಮೆಲೇ ಮೂರು ಪದ ಖರ್ಚು ಮಾಡಿದ್ದೀರಿ. ಮೈ ಹುಷಾರಾಗಿದೆ ತಾನೆ?

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಈಗಲೂ ಹಾಸಿಗೆಯ ಚಾದರ ಮಡಿಸುತ್ತೇನೆ. ಅದು ಇಬ್ಬರ ಕೆಲಸ. ಜೊತೆಯವಳು ಬಿಟ್ಟುಹೋದ ಮೇಲೆ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಮಡಿಸುವುದನ್ನು ಕಲಿತಿದ್ದೇನೆ. ಸರಳು ಒಳ್ಳೆಯ ಸಂಗಾತಿ. ಎಳೆದರೂ ಬಿಡುವುದಿಲ್ಲ, ಬೈದರೂ ನುಡಿಯುವುದಿಲ್ಲ. ನಿಮ್ಮ ನೆನಪಾಗುತ್ತದೆ.

ನನ್ನ ಕೋಣೆಯ ಹಿಂದೆಯೇ ಸಿಖ್ಖರ ಗುರುದ್ವಾರ. ಬೆಳಕು ಹರಿಯುವ ಮೊದಲೇ ಅಲ್ಲಿ ಕೀರ್ತನೆ ಶುರು. ಮೊದಮೊದಲು ದಿಂಬಿನಿಂದ ಕಿವಿ ಮುಚ್ಚಿಕೊಂಡೆ. ಆಮೇಲೆ ಗೋಡೆಯಾಚೆಯಿಂದ ಪ್ರಾಸ ಕೇಳಿಸತೊಡಗಿತು. ಭಾಷೆ ತಿಳಿಯದಿದ್ದರೂ ಸಾಲಿನ ತುದಿಗಳು ಒಂದರ ಕೈ ಇನ್ನೊಂದು ಹಿಡಿಯುವುದು ತಿಳಿಯುತ್ತದಲ್ಲ. ಪ್ರಾಸದ ಆಸೆಗೇ ಹೋದೆ, ನಂಬಿ. ಚಪ್ಪಲಿ ಬಿಟ್ಟು, ತಲೆಗೆ ಸೆರಗು ಹೊದ್ದು, ಹೆಂಗಸರ ಕಡೆ ಕೂತೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಜರುಗಿ ಜಾಗ ಕೊಟ್ಟರು.

ಹಾಡುವವರು ಬಿಳಿಗಡ್ಡದ ಮುದುಕರು, ಹಾರ್ಮೋನಿಯಂ ಕೂಡ ಅವರದೇ. ತಬಲಾ ನುಡಿಸುವವರು ಅವರ ಹೆಂಡತಿ. ಮುದುಕರು ಎರಡು ಸಾಲು ಹಾಡಿದರೆ ಪಲ್ಲವಿಯನ್ನು ಎಲ್ಲರೂ ತಿರುಗಿ ಹಾಡಬೇಕು. ನಾನು ತುಟಿ ಅಲ್ಲಾಡಿಸುವವರ ಪೈಕಿ. ಕಳೆದ ತಿಂಗಳು ಒಂದು ಬೆಳಗ್ಗೆ ಅವರು ನಿಲ್ಲಿಸಿದರು. ಪಲ್ಲವಿಯ ಸರದಿ ಬಂತೆಂದು ನಾನು ಎತ್ತಿಕೊಂಡೆ, ಅದೂ ಗಟ್ಟಿಯಾಗಿ. ಇಡೀ ಸಭೆಯಲ್ಲಿ ನನ್ನದೊಂದೇ ದನಿ. ಅವರು ನಿಂತದ್ದು ಗಂಟಲು ಕಟ್ಟಿ, ಸಾಲಿನ ನಡುವೆ. ಉಳಿದವರಿಗೆಲ್ಲ ಅದು ಗೊತ್ತಾಗಿತ್ತು. ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಹಾರ್ಮೋನಿಯಂ ಮಾತ್ರ ನಿಲ್ಲಲಿಲ್ಲ. ಮುದುಕರ ಬೆರಳು ನನ್ನ ಶ್ರುತಿ ಹುಡುಕಿಕೊಂಡು ಹಿಂದೆಯೇ ಬಂತು. ಆಮೇಲೆ ಸಭೆಯೂ ಬಂತು.

ಮುಗಿದ ಮೇಲೆ ಕ್ಷಮೆ ಕೇಳಲು ಹೋದೆ. ಈ ಊರಲ್ಲೇ ಇದ್ದು ಕನ್ನಡ ಕಲಿತ ತಬಲಾದ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ತಪ್ಪೋ ಒಪ್ಪೋ, ಇವರ ಗಂಟಲು ಇನ್ನು ಪೂರ್ತಿ ಸರಿಹೋಗಲ್ಲವಂತೆ ಕಣಮ್ಮ. ನಾಳೆಯಿಂದ ಇಲ್ಲೇ ಕೂತ್ಕೋ. ಅವರು ನಿಂತಲ್ಲಿ ನೀನು ಎತ್ಕೋ,” ಎಂದರು.

ಅಂದಿನಿಂದ ಎತ್ತಿಕೊಳ್ಳುತ್ತಿದ್ದೇನೆ. ಅರ್ಥವನ್ನು ಅಜ್ಜಿ ಬಿಡಿಸಿ ಹೇಳುತ್ತಾರೆ. ಎಷ್ಟೋ ಹಾಡುಗಳಲ್ಲಿ ದೇವರೇ ಗಂಡ, ಹಾಡುವವರು ಅಗಲಿದ ಹೆಂಡತಿ. ಗಡ್ಡದ ಮುದುಕರೂ ಹೆಂಡತಿಯಾಗಿಯೇ ಹಾಡಬೇಕು. ಗಂಡನ ಪಾತ್ರಕ್ಕೆ ಅಲ್ಲೂ ಮಾತು ಕಡಿಮೆ.

ಆದ್ದರಿಂದ ಸದ್ಯ ಮನೆಗೆ ಬರಲಾರೆ. ಅಲ್ಲಿ ಊಟಕ್ಕೆ ಕೂತಾಗ ‘ಉಪ್ಪು ಸಾಕಾ, ಸಿಟ್ಟು ಬೇಕಾ’ ಎಂದರೆ ನೀವು ತಟ್ಟೆ ಸರಿಸಿ ಎದ್ದುಹೋಗುತ್ತಿದ್ದಿರಿ. ಕೊನೆಕೊನೆಗೆ ನಾನು ಕುಕ್ಕರಿನ ಹತ್ತಿರ ಮಾತಾಡುತ್ತಿದ್ದೆ, ಅದಾದರೂ ಕೂಗುತ್ತದೆಂದು. ಇಲ್ಲಿ ಒಂದು ಸಾಲು ಎತ್ತಿದರೆ ಹತ್ತಾರು ಗಂಟಲು ಸೇರುತ್ತವೆ. ಕೋಣೆಗೆ ಬಂದು ಬೀಗ ತೆಗೆದರೆ ಮತ್ತೆ ಗಪ್‌ಚಿಪ್. ಅದನ್ನೇನೂ ಬಚ್ಚಿಡುವುದಿಲ್ಲ.

ನೀವೇ ಒಮ್ಮೆ ಬನ್ನಿ. ತಲೆಗೊಂದು ಬಟ್ಟೆ ಕಟ್ಟಿ ಗಂಡಸರ ಕಡೆ ಕೂತರಾಯಿತು. ಹೂಂ ಎನ್ನುವ ತೊಂದರೆಯೂ ಇಲ್ಲ. ಆದರೆ ಪಲ್ಲವಿ ಬಂದಾಗ ಬಾಯಿ ತೆಗೆಯಬೇಕು, ನನಗೆ ಕೇಳಿಸುವಷ್ಟು. ಅದಾದ ಮೇಲೆ ಮನೆಯ ವಿಚಾರ ಮಾತಾಡೋಣ.

ಇತಿ,
ನೀವೇ ಹೆಸರಿಟ್ಟ
ಪ್ರಾಸದ ಪೀಡೆ

ಮರೆತಿದ್ದೆ: ನಿಮಗೆ ಬೇರೆ ಊರಿಗೆ ವರ್ಗವಾಗಿದೆ, ಮುಂದಿನ ವಾರ ಬರುತ್ತೀರಿ ಎಂದು ಅಜ್ಜಿಗೆ ಹೇಳಿದ್ದೇನೆ. ಹೇಳಿದ್ದು ಗುರುದ್ವಾರಕ್ಕೆ ಹೋದ ಮೊದಲ ದಿನವೇ. ಆವತ್ತಿನಿಂದ ಅವರು ಗಂಡಸರ ಕಡೆ ಬಾಗಿಲ ಹತ್ತಿರ ಒಬ್ಬರಿಗಾಗುವಷ್ಟು ಜಾಗ ಬಿಡಿಸಿ ಇಡುತ್ತಾರೆ. ಯಾರಾದರೂ ಕೂತರೆ, ಇವಳ ಯಜಮಾನರು ಬರುತ್ತಾರೆಂದು ಎಬ್ಬಿಸುತ್ತಾರೆ. ಇವತ್ತೂ ಒಬ್ಬರನ್ನು ಎಬ್ಬಿಸಿದರು. ನಾನು ಬೇಡ ಎನ್ನಲಿಲ್ಲ.