ಬೈಸಿಕೊಂಡವರೇ ಬೈದು ತೋರಿಸಬೇಕೆಂಬ ನಿಯಮದ ಬಗ್ಗೆ

ಮಾನ್ಯ ಕಾನೂನು ಸಚಿವರೇ,

ಜನಾಂಗ, ಮೈಬಣ್ಣ ಹಿಡಿದು ಹೀಯಾಳಿಸುವವರ ಬಾಯಿ ಮುಚ್ಚಿಸಲೆಂದು ನೀವು ದೇಶಕ್ಕೆಲ್ಲ ತಂದ ಹೊಸ ಕಾಯ್ದೆ ಅಂತೂ ಒಬ್ಬರ ಬಾಯಿ ಮುಚ್ಚಿಸಿದೆ. ಅವಳು ನನ್ನ ಅಕ್ಕ. ಅಭಿನಂದನೆಗಳು.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುತ್ತಿದ್ದಳು. ತೋಳು ಚಾಚಿ ಕುಳಿತಿದ್ದ ದೊಡ್ಡ ಮನುಷ್ಯರೊಬ್ಬರು ಅವಳ ಮುಖ ನೋಡಿದ್ದೇ ತೋಳು ಹಿಂದಕ್ಕೆಳೆದುಕೊಂಡರು. "ಇವಳ ಕೈ ನನಗೆ ತಾಗಬಾರ್ದು, ಬೇರೆ ಯಾರನ್ನಾದ್ರೂ ಕಳಿಸಿ" ಎಂದರು. ಜೊತೆಗೆ, ನಮ್ಮ ಜನಕ್ಕೆಂದೇ ಮೀಸಲಾದ ಒಂದು ಪದ. ಅದನ್ನಿಲ್ಲಿ ಬರೆಯುವುದಿಲ್ಲ. ನಿಮಗೂ ಗೊತ್ತಿರುತ್ತದೆ, ಚಿಕ್ಕಂದಿನಲ್ಲಿ ನೀವೂ ಯಾರಿಗಾದರೂ ಅಂದಿರುತ್ತೀರಿ. ಕಾಯುತ್ತಿದ್ದವರೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿದರು. ಕಾಯ್ದೆ ಇದೆಯಲ್ಲ ಎಂಬ ಧೈರ್ಯದಲ್ಲಿ ಅಕ್ಕ ದೂರು ಕೊಟ್ಟಳು.

ಆಮೇಲೆ ತಿಳಿಯಿತು ನಿಮ್ಮ ನಿಯಮ. ದೂರುದಾರರು ಆ ಪದವನ್ನು ಬರೆದುಕೊಟ್ಟರೆ ಸಾಲದಂತೆ, ವಿಚಾರಣೆಯಲ್ಲಿ ಎಲ್ಲರೆದುರು ಕೇಳಿದ ಹಾಗೆಯೇ ಆಡಿ ತೋರಿಸಬೇಕಂತೆ. ಇದು ಯಾವ ಪುಣ್ಯಾತ್ಮರ ತಲೆಗೆ ಹೊಳೆಯಿತು? ಕಳ್ಳತನದ ದೂರು ತಂದವರಿಗೂ ನೀವೇ ಒಮ್ಮೆ ಕದ್ದು ತೋರಿಸಿ ಎನ್ನುತ್ತೀರಾ? ವಿಚಾರಣೆಯ ದಿನ ಅಕ್ಕ ತಲೆ ತಗ್ಗಿಸಿ ಆ ಪದ ಹೇಳಿದಳು.

"ಗೊಣಗಿದ್ರೆ ರೆಕಾರ್ಡ್ ಆಗಲ್ಲಮ್ಮಾ, ಅವ್ರು ಅಂದ ಹಾಗೇ ಅನ್ನಿ" ಎಂದರು ನಿಮ್ಮ ವಿಚಾರಣಾಧಿಕಾರಿ. ಅವಳು ಮತ್ತೆ ಹೇಳಿದಳು.

"ಇಷ್ಟು ಮೆತ್ತಗೆ ಅಂದಿದ್ರೆ ನಿಮಗ್ಯಾಕಮ್ಮಾ ಬೇಜಾರು?" ಎಂದರು ಅದೇ ಅಧಿಕಾರಿ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಅಕ್ಕ ಕಿರುಚಿದಳು. ಎದುರಿಗೇ ಕುಳಿತಿದ್ದ ಆ ದೊಡ್ಡ ಮನುಷ್ಯರು ಕಿವಿ ಮುಚ್ಚಿಕೊಂಡು, "ಅಯ್ಯೋ, ನಾನು ಇಷ್ಟು ಕೆಟ್ಟದಾಗಿ ಅಂದಿಲ್ಲಪ್ಪ" ಎಂದರು. ಅನುಮಾನದ ಲಾಭ ಅವರಿಗೆ ಹೋಯಿತು. ಅಕ್ಕನಿಗೆ ಸಿಕ್ಕಿದ್ದು ಲ್ಯಾಬಿನ ಹಿಂದಿನ ಕೋಣೆ. "ನಿನ್ನ ಒಳ್ಳೇದಕ್ಕೇ" ಎಂದು ಅಲ್ಲಿಗೆ ಹಾಕಿದ್ದಾರೆ, ಗಾಜಿನ ಸಾಮಾನು ತೊಳೆಯುತ್ತಾಳೆ. ಯಾರಿಗೂ ಅವಳ ಕೈ ತಾಗುವುದಿಲ್ಲ. ದೊಡ್ಡ ಮನುಷ್ಯರು ಕೇಳಿದ್ದನ್ನೇ ತಾನೇ ನೀವು ನಡೆಸಿಕೊಟ್ಟಿದ್ದು? ಇನ್ನು ಆ ಪದ ಆಡಿದ್ದಕ್ಕೆ ಸರ್ಕಾರದ ಬಳಿ ಈಗ ಇರುವ ಏಕೈಕ ಸಾಕ್ಷ್ಯವೆಂದರೆ ನನ್ನ ಅಕ್ಕನ ದನಿ.

ಆ ನಿಯಮವನ್ನು ಕಿತ್ತುಹಾಕಿ. ಅಕ್ಕನನ್ನು ಅವಳ ಜಾಗದಲ್ಲಿ ಮತ್ತೆ ಕೂರಿಸಿ. ಬೇಗ ಮಾಡಿ. ಮೊನ್ನೆ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿತು. ಅಕ್ಕ ತನ್ನನ್ನು ತಾನೇ ಬೈದುಕೊಂಡಳು, ಅದೇ ಪದದಲ್ಲಿ. ಸ್ವಲ್ಪವೂ ತಡವರಿಸಲಿಲ್ಲ. ನಿಮ್ಮವರು ಚೆನ್ನಾಗಿಯೇ ಕಲಿಸಿದ್ದಾರೆ.

ಇಂತಿ,
ಕಾಯ್ದೆ ಪಾಸಾದ ದಿನ ಬೀದಿಗೆಲ್ಲ ಸಿಹಿ ಹಂಚಿದ ಪೆದ್ದ,
ಅವಳ ತಮ್ಮ