ನಾಲ್ಕನೇ ಬೀದಿಯ ತಿದ್ದೋಲೆ

ಇಸವಿ 2391, ಫೆಬ್ರವರಿ 34.

ದಿನಾಂಕ ನೋಡಿ ನಗಬೇಡಿ. ಮೇ ತಿಂಗಳ ಬಿಸಿಲು ಯಾರಿಗೂ ಬೇಡವಾದಾಗ ನಮ್ಮ ಅಜ್ಜಂದಿರು ಅದರಿಂದ ಆರು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಬಿಸಿಲೇನೂ ಇಳಿಯಲಿಲ್ಲ, ಕ್ಯಾಲೆಂಡರ್ ಮಾತ್ರ ತಂಪಾಯಿತು. ನನ್ನ ಹೆಸರು ಪಿಳ್ಳಪ್ಪ, ವಯಸ್ಸು ಐವತ್ತೊಂದು, ಓದಿದ್ದು ನಾಲ್ಕನೇ ಕ್ಲಾಸು. ನಡುವೆ ನಿಮಗೆ ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕಾಗದ ಓದುವಾಗ ನಾನೂ ಹೀಗೇ ತಲೆ ಕೆರೆದುಕೊಳ್ಳುತ್ತೇನೆ. ಕಂಪ್ಯೂಟರಿನಲ್ಲಿ ಕರಾರುಗಳನ್ನು ಒಂದಕ್ಕೊಂದು ಜೋಡಿಸಿಡುವವರು ನಿಮ್ಮಲ್ಲೂ ಇದ್ದೀರಿ. ಈ ಪತ್ರ ನಿಮಗೇ. ನನ್ನದೂ ಅದೇ ಕೆಲಸ, ನಮ್ಮಲ್ಲಿ ಅದಕ್ಕೆ ಕೊಂಡಿಗಾರ ಎನ್ನುತ್ತಾರೆ.

ನಾವಿರುವುದು ಕೋಲಾರದ ಕಡೆ, ನಿಮ್ಮವರು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳಲ್ಲಿ. ಒಂದು ಚೂರೂ ಬಿಟ್ಟಿಲ್ಲ ಬಿಡಿ, ನಾನು ಹುಡುಕಿದ್ದೇನೆ. ಒಂದೊಂದು ಸುರಂಗ ಒಂದೊಂದು ಬೀದಿ. ಮೇಲೆ ನೆಲ ಕಾದ ಹೆಂಚು, ಒಳಗೆ ಕಲ್ಲೂ ಬಿಸಿ. ದೊಡ್ಡ ಯಂತ್ರವೊಂದು ಹತ್ತಾರು ಊರಿಗೆ ತಣ್ಣನೆಯ ಗಾಳಿ ಕಳಿಸುತ್ತದೆ. ತಲೆ ಎಣಿಸಿ ಪ್ರತಿ ಊರಿಗೆ ಬರುವ ಆ ಭಾಗವೇ ತಂಪುಪಾಲು. ಬೀದಿಯ ತುದಿಯಲ್ಲಿ ಗಾಳಿಬಾಯಿ, ಅದಕ್ಕೆ ಹೆಂಗಸರು ಕಟ್ಟಿದ ಹಳೇ ಸೀರೆಯ ತುಂಡು. ಬೆಳಿಗ್ಗೆ ಎದ್ದವರು ಆ ಬಟ್ಟೆ ಆಡುವುದನ್ನು ನೋಡಿಯೇ ಮುದ್ದೆಗೆ ಎಸರಿಡುತ್ತಾರೆ. ದೀಪದ ಕೆಳಗೆ ಮೆಣಸಿನಕಾಯಿ, ಹುರುಳಿ ಬೆಳೆಯುತ್ತೇವೆ. ಮೆಟ್ಟಿಲು ಹತ್ತಿ ವಾರಕ್ಕೊಮ್ಮೆ ಸೂರ್ಯನನ್ನು ನೋಡಿ, ಬೈದು, ಇಳಿದು ಬರುತ್ತೇವೆ.

ಗಾಳಿಯ ಮೊದಲ ಕರಾರಿಗೆ ತಾಯೋಲೆ ಎನ್ನುತ್ತೇವೆ. ಆಮೇಲೆ ಮಾಡುವ ಬದಲಾವಣೆ ತಿದ್ದೋಲೆ. ಅವಧಿ ಮುಂದುವರಿಸುವ ಕಾಗದ ಮುಂದೋಲೆ. ನಮ್ಮ ತಾಯೋಲೆಯಲ್ಲಿ ಇದ್ದದ್ದು ಮೂರೇ ಬೀದಿ. ಜನ ಹೆಚ್ಚಾದಾಗ ನಾಲ್ಕನೇ ಬೀದಿಯನ್ನು ಎರಡನೇ ತಿದ್ದೋಲೆಯಲ್ಲಿ ಸೇರಿಸಿದ್ದರು. ಅಲ್ಲಿ ಇನ್ನೂರ ಹನ್ನೆರಡು ಜನ, ಅವರಲ್ಲಿ ನನ್ನ ಅಕ್ಕ ಬಯ್ಯಮ್ಮ ಒಬ್ಬಳು. ಎಲ್ಲ ಓಲೆಗಳೂ ಕಳೆದ ಡಿಸೆಂಬರ್ ಕೊನೆಗೆ ಮುಗಿಯುವಂಥವು.

ಮೂರು ತಿಂಗಳು ಮೊದಲೇ ಹತ್ತು ವರ್ಷದ ಮುಂದೋಲೆ ಬಂತು. ಯಾವುದಕ್ಕೆ ಜೋಡಿಸಲಿ ಎಂದು ಸಾಫ್ಟ್‌ವೇರ್ ಕೇಳಿತು. ಕೊನೆಯ ತಿದ್ದೋಲೆಗೆ, ಅಂದರೆ ಆ ಎರಡನೆಯದಕ್ಕೆ, ಜೋಡಿಸಬೇಕು; ಆಗ ಅದರ ಹಿಂದಿನ ಓಲೆಗಳೂ ಜೊತೆಗೇ ಮುಂದುವರಿಯುತ್ತವೆ. ಅದು ನನಗೆ ನಿದ್ದೆಯಲ್ಲೂ ಗೊತ್ತು. ಆದರೆ ಪಟ್ಟಿಯಲ್ಲಿ ಮೇಲೆ ಇದ್ದದ್ದು ತಾಯೋಲೆ. ಆವತ್ತು ಆಫೀಸಿನ ತುಂಬ ಜನ, ನಾನು ಗಾಳಿ ಇನ್‌ಸ್ಪೆಕ್ಟರ್ ಸೀನುವ ಹಾಗೆ ಸೀನಿ ತೋರಿಸುತ್ತಿದ್ದೆ. ಊಟ ತಂದಿದ್ದ ಅಕ್ಕ ಪಕ್ಕದಲ್ಲೇ ನಿಂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. "ಸಾಕು ಬಿಡೋ ಪಿಳ್ಳ, ಹೊಟ್ಟೆ ನೋಯ್ತದೆ" ಎಂದಳು. ಇನ್ನೊಂದು ಸಲ ಸೀನಿ, ಮೇಲಿದ್ದುದಕ್ಕೇ ಗುಂಡಿ ಒತ್ತಿದೆ. ಪರದೆ ಹಸಿರಾಯಿತು. ಹಸಿರು ಅಂದರೆ ಎಲ್ಲ ಸರಿ ಅಂತ.

ಜನವರಿ ಒಂದರ ಬೆಳಿಗ್ಗೆ ಮೂರು ಬೀದಿಗಳಲ್ಲಿ ಬಟ್ಟೆ ಆಡುತ್ತಿತ್ತು. ನಾಲ್ಕನೆಯದರಲ್ಲಿ ನೇತುಬಿದ್ದಿತ್ತು. ಆಫೀಸಿಗೆ ಓಡಿ ಹೋಗಿ ಓಲೆಗಳನ್ನು ತೆರೆದು ನೋಡಿದೆ: ತಾಯೋಲೆಗೆ ಇನ್ನೂ ಹತ್ತು ವರ್ಷ ಆಯಸ್ಸು, ತಿದ್ದೋಲೆ ತನ್ನ ತಾರೀಕಿಗೆ ತಾನೇ ಸತ್ತಿತ್ತು. ಸತ್ತ ಓಲೆಯನ್ನು ಮುಂದುವರಿಸಲು ಬರುವುದಿಲ್ಲ, ಅದು ನಿಯಮ. ನಾಲ್ಕು ಅರ್ಜಿ ಬರೆದೆ. ಹನ್ನೆರಡನೇ ದಿನಕ್ಕೆ ಆ ಬೀದಿಯ ಪಾಲು, ಆರು ವರ್ಷದಿಂದ ಕಾಯುತ್ತಿದ್ದ ಇನ್ನೊಂದು ಊರಿಗೆ ಹೋಯಿತು. ವಾಪಸ್ ಕೇಳೋಣ ಅಂತ ಅಲ್ಲಿಗೂ ಹೋದೆ. ಗಾಳಿಬಾಯಿಯ ಕೆಳಗೆ ಕೂಸುಗಳನ್ನು ಸಾಲಾಗಿ ಮಲಗಿಸಿದ್ದರು. ಎರಡು ಜೋಕು ಹೇಳಿ, ಅವರು ಕೊಟ್ಟ ನೀರು ಕುಡಿದು ಬಂದೆ.

ಒಂದು ತಿಂಗಳು ನಾಲ್ಕನೇ ಬೀದಿಯವರನ್ನು ನಮ್ಮ ಮೂರು ಬೀದಿಗಳಲ್ಲಿ ಒತ್ತೊತ್ತಾಗಿ ಇಟ್ಟುಕೊಂಡೆವು. ಎಲ್ಲರಿಗೂ ಉಸಿರು ಕಟ್ಟತೊಡಗಿತು. ಆಮೇಲೆ ಮುಚ್ಚುಗಾಡಿ ಬಂತು, ಅಂದರೆ ಬಿಸಿಲಿನಲ್ಲಿ ಓಡಬಲ್ಲ ರೈಲು. ದೂರದ ಹಟ್ಟಿ ಚಿನ್ನದ ಗಣಿಯ ಸುರಂಗಗಳಲ್ಲಿ ಅವರಿಗೆ ಜಾಗ ಸಿಕ್ಕಿತ್ತು. ಅರವತ್ತು ದಾಟಿದವರಿಗೆ ಆ ಪ್ರಯಾಣ ಒಂದೇ ಸಲ, ವಾಪಸ್ ಬರಲು ಬಿಡುವುದಿಲ್ಲ. ಅಕ್ಕನಿಗೆ ಅರವತ್ತೆರಡು.

ಗಾಡಿ ಹತ್ತುವ ಮುಂಚೆ ಹೇಳಿದೆ. "ಅಕ್ಕಾ, ಒತ್ತಿದ್ದು ನಾನೇ."

"ಗೊತ್ತು ಕಣೋ. ನಾನೇ ಪಕ್ಕದಲ್ಲಿ ನಗ್ತಾ ನಿಂತಿದ್ನಲ್ಲ" ಎಂದಳು. ಸೆರಗಿನಿಂದ ತನ್ನ ಬೀದಿಯ ಗಾಳಿಬಾಯಿಯ ಕೆಂಪು ಬಟ್ಟೆ ಬಿಚ್ಚಿ ಕೈಗಿಟ್ಟಳು. "ನಿನ್ ಮಿಷಿನ್ ಮೇಲೆ ಕಟ್ಕೋ. ಒತ್ತೋಕೆ ಮುಂಚೆ ಒಂದ್ಸಲ ನೋಡು. ಮತ್ತೆ ಆ ಸೀನು ಬಿಡಬೇಡ, ಅದೊಂದು ಚೆನ್ನಾಗಿ ಬರ್ತದೆ ನಿಂಗೆ."

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದೋಲೆ ಕೈಗೆ ಬಂದ ದಿನ ಪಟ್ಟಿಯ ಮೇಲಿನದನ್ನು ಬಿಟ್ಟು ಕೆಳತನಕ ಇಳಿಯಿರಿ. ಕೊನೆಯ ತಿದ್ದೋಲೆ ತೆರೆದು, ಅದರಲ್ಲಿರುವ ಹೆಸರುಗಳನ್ನು ಬಾಯಿಬಿಟ್ಟು ಓದಿ. ಆಮೇಲೆ ಜೋಡಿಸಿ. ಪರದೆಯ ಹಸಿರನ್ನು ನಂಬಬೇಡಿ. ತಾನು ಯಾರನ್ನು ಬಿಟ್ಟಿದ್ದೇನೆ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ನಮ್ಮ ಬೀದಿಯಲ್ಲಿ ಗಾಳಿ ಚೆನ್ನಾಗಿದೆ. ಕೆಂಪು ಬಟ್ಟೆ ನನ್ನ ಮಿಷಿನ್ ಮೇಲೆ ದಿನವೂ ಆಡುತ್ತದೆ. ಆಫೀಸಿನ ಸಾಲಿನಲ್ಲಿ ನಿಂತವರು ಈಗಲೂ ಸೀನು ಎನ್ನುತ್ತಾರೆ. ಸೀನುತ್ತೇನೆ, ಎರಡೂ ಕೈ ಹಿಂದೆ ಕಟ್ಟಿಕೊಂಡು.