ನಾಲ್ಕು ಸಾಲಿನ ಕೆಳಗೆ ಒಂದು ಹೂವು

ಮನೆಯಿಂದ, ಅಡುಗೆಕೋಣೆಯ ಮೇಜು
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ಗರ್ಭಿಣಿಯರೇ, ಅವರ ಚೀಲ ಹಿಡಿದು ಬಂದ ಅತ್ತೆಯರೇ, ಹೊರಗೆ ಬೈಕಿನ ಮೇಲೆ ಕುಳಿತು ಗಡಿಯಾರ ನೋಡುತ್ತಿರುವ ಗಂಡಂದಿರೇ, ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿರುವ ಮಾನ್ಯ ದಿಂಬುಗಳೇ, ಇಂದಿನ ಈ ಸಭೆಯಲ್ಲಿ ನಾಲ್ಕು ಮಾತಾಡಲು ಅಪ್ಪಣೆಯಾಗಬೇಕು.

ನಗು ಬಂತೇ? ಬರದಿದ್ದರೂ ಬಂತು ಎಂದುಕೊಂಡು ಮುಂದುವರಿಯುತ್ತೇನೆ. ಭಾಷಣಕಾರರ ಪದ್ಧತಿಯೇ ಅದು. ಚಿಕ್ಕವರಿದ್ದಾಗ ಮನೆಯಲ್ಲಿದ್ದ ಐದು ದಿಂಬುಗಳನ್ನೂ ಹಾಸಿಗೆಯ ಮೇಲೆ ಸಾಲಾಗಿ ಕೂರಿಸಿ, ಸ್ಟೂಲಿನ ಮೇಲೆ ನಿಂತು ನಾನು ಪ್ರಾಸ ಕಟ್ಟಿ ಭಾಷಣ ಮಾಡುತ್ತಿದ್ದೆ. ನೀನು ದಿಂಬುಗಳ ಪರವಾಗಿ ಚಪ್ಪಾಳೆ ತಟ್ಟುತ್ತಿದ್ದೆ. ನಾನು ತಪ್ಪು ಹೇಳಿದರೂ ತಟ್ಟುತ್ತಿದ್ದೆ. ಅಂಥ ಸಭೆ ಮತ್ತೆ ಸಿಗಲಿಲ್ಲ.

ಹೇಗಿದ್ದೀಯೆ? ಬೆನ್ನುನೋವು ಇಳಿಯಿತೇ? ರಕ್ತ ಕಡಿಮೆಯಿದೆ ಎಂದು ಕೊಟ್ಟ ಮಾತ್ರೆ ನುಂಗುತ್ತಿದ್ದೀಯಾ? ಔಷಧಿ ಅಂಗಡಿಯ ಕೌಂಟರಿನಲ್ಲಿ ಹದಿನಾಲ್ಕು ವರ್ಷ ನಿಂತು, ಬಂದವರಿಗೆಲ್ಲ ‘ಊಟ ಆದ್ಮೇಲೆ, ಮರೀಬೇಡಿ’ ಎಂದು ಹೇಳಿ ಕೊಡುವವಳು ನಿನ್ನದನ್ನು ಮಾತ್ರ ಮರೆಯುತ್ತೀಯೆ ಎಂದು ನನಗೆ ಗೊತ್ತು. ನಿನ್ನ ಗಂಡನ ಅಕ್ಕ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಂತೆ. ಒಳ್ಳೆಯದು. ಅಕ್ಕಂದಿರಲ್ಲಿ ಅಂಥವರೂ ಇರುತ್ತಾರೆ. ಫೋನು ಎತ್ತುವುದಿಲ್ಲ ಎಂಬುದಕ್ಕೆ ನನಗೆ ಬೇಸರವಿಲ್ಲ. ನಾಲ್ಕು ತಿಂಗಳಿಂದ ದಿನವೂ ಮಾಡುತ್ತಿದ್ದೇನೆ, ಆ ಕಡೆ ಗಂಟೆ ಹೊಡೆದು ಹೊಡೆದು ನಿಂತಾಗ ನನಗೂ ಒಂದು ಬಗೆಯ ಅಭ್ಯಾಸವಾಗಿದೆ. ಸುಳ್ಳು ಹೇಳಿದೆ, ಬೇಸರವಿದೆ. ಮುಂದಿನ ವಿಷಯಕ್ಕೆ ಹೋಗೋಣ.

ಇಲ್ಲಿಯ ಸುದ್ದಿ ಎಂದರೆ ಆರೋಗ್ಯ ಕೇಂದ್ರದ ಸುದ್ದಿಯೇ. ವಾರಕ್ಕೆ ಎರಡು ತರಗತಿ, ಅದೇ ಕೋಣೆ, ಅದೇ ಒಂದು ಕಾಲು ಕುಂಟುವ ಬೆಂಚು. ‘ಗರ್ಭಿಣಿಯರ ನಿದ್ದೆ ಮತ್ತು ನಡಿಗೆ’ ಎಂಬ ಚಿತ್ರಪಟ ತೂಗುಹಾಕಿ ನಾನು ಕೋಲು ಹಿಡಿದು ನಿಲ್ಲುತ್ತೇನೆ. ಮಲಗುವ ಹೊತ್ತು ಒಂದೇ ಇರಲಿ, ಮಧ್ಯಾಹ್ನದ ಮೇಲೆ ಚಹಾ ಕಡಿಮೆಯಾಗಲಿ, ಮೊಬೈಲು ಹಾಸಿಗೆಯಿಂದ ದೂರವಿರಲಿ, ದಿನಕ್ಕೆ ಅರ್ಧ ಗಂಟೆ ಮಾತಾಡಲು ಉಸಿರು ಉಳಿಯುವಷ್ಟು ಚುರುಕಾಗಿ ನಡೆಯಿರಿ. ಹೇಳುವವಳಿಗೆ ಕಣ್ಣು ಎಳೆಯುತ್ತಿರುತ್ತದೆ, ಕೇಳುವವರಿಗೆ ಕಾಲು ಬಾತಿರುತ್ತದೆ. ಹೋದ ವಾರ ಬಸ್ಸಿನ ಕಂಡಕ್ಟರ್ ಒಬ್ಬಳು ಬಂದಿದ್ದಳು, ಆರು ತಿಂಗಳು. ಅರ್ಧ ಗಂಟೆ ನಡಿಗೆ ಎಂದದ್ದೇ ತಡ, ‘ನಾನು ಬಸ್ಸೊಳಗೆ ಎಂಟು ಗಂಟೆ ನಡೀತೀನಿ ಮೇಡಂ, ಬಸ್ಸೂ ನಡಿಯತ್ತೆ, ಎರಡೂ ಕೂಡಿಸಿ ಬರ್ಕೊಳ್ಳಿ’ ಅಂದಳು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳ ಅತ್ತೆ, ಎಂಟು ಗಂಟೆ ನಿಂತು ಬಂದವಳು ಮನೆಯಲ್ಲಿ ಯಾವ ಹೊತ್ತಿಗೆ ಮಲಗಬೇಕು ಎಂಬುದನ್ನೂ ಪಟದಲ್ಲಿ ತೋರಿಸಿ ಎಂದು ಕೇಳಿದರು. ಪಟದಲ್ಲಿ ಅದಿರಲಿಲ್ಲ. ಪಟ ಬರೆದವರು ಕುಳಿತು ಬರೆದಿದ್ದರು.

ಇನ್ನೊಂದು ಸುದ್ದಿ. ನಮ್ಮ ಕೇಂದ್ರದ ಗೋಡೆಯ ಮೇಲಿರುವ ನನ್ನ ಪದ್ಯ ಮೇಲಿನ ಕಚೇರಿಯವರಿಗೆ ಬಹಳ ಹಿಡಿಸಿದೆಯಂತೆ. ಎಲ್ಲ ಕೇಂದ್ರಗಳ ಗೋಡೆಯ ಮೇಲೂ ಬರೆಸುತ್ತಾರಂತೆ, ಕೆಳಗೆ ನನ್ನ ಹೆಸರು ಹಾಕುವುದಿಲ್ಲವಂತೆ, ಆದರೆ ಒಂದು ಪ್ರಮಾಣಪತ್ರ ಕೊಡುತ್ತಾರಂತೆ. ಪದ್ಯ ನಿನಗೆ ಬಾಯಿಪಾಠವಿದೆ. ಆದರೂ ಬರೆಯುತ್ತೇನೆ:

ಎಡಕೆ ಹೊರಳಿ ಮಲಗು ತಾಯಿ,
ಬಿಡದೆ ದಿನವು ನಡೆಯೆ ತಾಯಿ,
ಕೆಡವಬೇಡ ಬೆನ್ನು ಕೆಳಗೆ,
ಒಡಲ ಕೂಸಿಗದುವೆ ಹಾಯಿ.

ನಾಲ್ಕು ಸಾಲಿನಲ್ಲೂ ಎರಡನೇ ಅಕ್ಷರ ಡ. ಕಾಲೇಜಿನಲ್ಲಿ ಕನ್ನಡ ಓದಿ ನಾನು ಸಂಪಾದಿಸಿದ್ದು ಇದೊಂದೇ ವಿದ್ಯೆ. ಅದಕ್ಕೆ ಸಿಕ್ಕಿದ್ದು ಒಂದು ಗೋಡೆ. ಆ ಗೋಡೆಯ ಕೆಳಗಿನ ಬೆಂಚಿನಲ್ಲಿ ನೀನು ಏಳನೇ ತಿಂಗಳ ತಪಾಸಣೆಗೆ ಬಂದು ಕುಳಿತಿದ್ದೆ, ನೆನಪಿದೆಯಾ? ಪಕ್ಕದವರಿಗೆಲ್ಲ ‘ನಮ್ಮಕ್ಕ ಬರ್ದಿದ್ದು, ನಮ್ಮಕ್ಕ’ ಎಂದು ತೋರಿಸುತ್ತಿದ್ದೆ. ಪದ್ಯದ ಕೆಳಗೆ ಪೇಂಟರ್ ಬಿಡಿಸಿದ್ದ ಹೂವನ್ನು ನೋಡಿ ಅದು ಯಾವ ಹೂವು ಎಂದು ಕೇಳಿದ್ದೆ. ಆರು ಎಸಳು, ಕೆಂಪು, ನಡುವೆ ಹಳದಿ, ಭೂಮಿಯ ಮೇಲೆ ಬೆಳೆಯುವ ಯಾವ ಗಿಡಕ್ಕೂ ಸೇರದ ಹೂವು. ಪೇಂಟರನ್ನು ಕೇಳಿದರೆ, ಯಾವುದಾದರೇನು, ಜಾಗ ತುಂಬಿತಲ್ಲ ಎಂದಿದ್ದ. ಪದ್ಯಕ್ಕಿಂತ ಹೂವೇ ಚೆನ್ನಾಗಿದೆ ಎಂದು ನೀನು ನನ್ನನ್ನು ರೇಗಿಸಿದ್ದೆ.

ಹೋದ ಗುರುವಾರ ಕತ್ತರಿ ಬಂದಿದ್ದ. ನಿನ್ನ ಗಂಡನನ್ನು ಕತ್ತರಿ ಎಂದು ಕರೆಯಬೇಡ ಎಂದು ನೀನು ಹೇಳಿದ್ದೀಯೆ. ಟೈಲರನ್ನು ಇನ್ನೇನೆಂದು ಕರೆಯಲಿ, ಸೂಜಿ ಎನ್ನೋಣವೆಂದರೆ ಅವನ ಮೈ ಒಪ್ಪುವುದಿಲ್ಲ. ಸೊರಗಿದ್ದಾನೆ. ಕೊಟ್ಟ ಚಹಾ ಆರಿಹೋಯಿತು, ಮುಟ್ಟಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ನಾನು ತರಗತಿಯಲ್ಲಿ ಹಂಚುವ ನಿದ್ದೆ-ನಡಿಗೆಯ ಹಾಳೆ, ನಿನಗೆ ಮನೆಗೇ ತಂದುಕೊಟ್ಟದ್ದು. ಎಷ್ಟು ಹೊತ್ತು ನಡೆದೆ, ಯಾವ ಮಗ್ಗುಲಿಗೆ ಮಲಗಿದೆ ಎಂದು ದಿನವೂ ಗುರುತು ಹಾಕುವುದು. ಬೇರೆಯವರು ತಿಂಗಳ ಕೊನೆಯಲ್ಲಿ ಬಾಗಿಲ ಹೊರಗೆ ಕುಳಿತು ಒಂದೇ ಉಸಿರಿಗೆ ಎಲ್ಲ ಚೌಕಕ್ಕೂ ಗುರುತು ಹಾಕಿ ತರುತ್ತಾರೆ, ನನಗೆ ಗೊತ್ತು, ನಾನೂ ಗೊತ್ತಿಲ್ಲದ ಹಾಗೆ ತೆಗೆದುಕೊಳ್ಳುತ್ತೇನೆ. ನಿನ್ನದು ಹಾಗಲ್ಲ. ಒಂದೊಂದು ದಿನಕ್ಕೂ ಬೇರೆ ಪೆನ್ನು, ಒಂದು ದಿನ ‘ಇಪ್ಪತ್ತೇ ನಿಮಿಷ, ಅಂಗಡಿಯಲ್ಲಿ ಜನ’ ಎಂದು ಮೂಲೆಯಲ್ಲಿ ಕ್ಷಮಾಪಣೆ ಬೇರೆ. ಕೊನೆಯ ದಿನದ ಚೌಕದಲ್ಲಿ ಗುರುತಿಲ್ಲ. ನಿನ್ನ ಇರುವೆಯಂಥ ಅಕ್ಷರದಲ್ಲಿ ಎರಡೇ ಪದ: ಎದ್ದಾಗ ಅಂಗಾತ.

ಕತ್ತರಿ ಹೇಳಿದ್ದಿಷ್ಟು. ‘ಇದನ್ನ ಮಡಚಿ ರವಿಕೆಯೊಳಗೆ ಇಟ್ಕೊಂಡಿರ್ತಾಳೆ ಅಕ್ಕಾ, ಸ್ನಾನಕ್ಕೆ ಹೋದಾಗ ಎತ್ಕೊಂಡು ಬಂದೆ. ಹಾಸಿಗೆ ಹತ್ರಾನೂ ಹೋಗಲ್ಲ. ಕುರ್ಚಿಯಲ್ಲಿ ಕೂತ್ಕೊಂಡೇ ಕಣ್ಣು ಮುಚ್ತಾಳೆ. ನಾನು ಹೇಳಿದ್ರೆ ಕೇಳಲ್ಲ, ನೀವು ಬರೀರಿ, ನೀವು ಬರೆದದ್ದು ಅಂದ್ರೆ ಅವಳಿಗೆ...’ ಅಷ್ಟಕ್ಕೆ ನಿಲ್ಲಿಸಿದ. ಮುಂದಿನದು ನನಗೂ ಬೇಕಿರಲಿಲ್ಲ.

ಅದಕ್ಕೇ ಈ ಕಾಗದ. ಗುಬ್ಬೀ, ನನಗೆ ನಿನ್ನ ಮೇಲೆ ಸಿಟ್ಟಿದೆ, ಹೇಳಿಬಿಡುತ್ತೇನೆ. ನಿನ್ನ ಮೇಲೆ, ಕತ್ತರಿಯ ಮೇಲೆ, ಎಲ್ಲರ ಮೇಲೂ. ಎಂಟು ತಿಂಗಳ ಬಸುರಿಯನ್ನು ಕೌಂಟರಿನ ಹಿಂದೆ ನಿಲ್ಲಿಸಿ, ಕುರ್ಚಿ ಕೇಳಿದರೆ ಗಿರಾಕಿಗಳಿಗೆ ಚೆನ್ನಾಗಿ ಕಾಣುವುದಿಲ್ಲ ಎಂದನಲ್ಲ ನಿನ್ನ ಅಂಗಡಿಯ ಮಾಲೀಕ, ಅವನ ಮೇಲೆ. ಪದ್ಯ ಕೇಳಿದ ಮಾರನೆಯ ದಿನವೇ ಬೆನ್ನಿಗೆ ಕಟ್ಟಿಕೊಳ್ಳುವ ಉದ್ದ ದಿಂಬು ಹೊಲಿದುಕೊಟ್ಟು, ನಾಲ್ಕು ಕಡೆ ಲಾಡಿ ಇಟ್ಟು, ಹೊರಳಲೂ ಆಗದ ಹಾಗೆ ನಿನ್ನನ್ನು ಪಾರ್ಸಲ್ ಮಾಡಿದನಲ್ಲ ನಿನ್ನ ಗಂಡ, ಅವನ ಮೇಲೆ. ಹೊಕ್ಕುಳಬಳ್ಳಿಯಲ್ಲಿ ಗಂಟು ಬಿದ್ದಿತ್ತು, ನೀವು ಮಲಗಿದ್ದಕ್ಕೂ ಮಗು ಹೋದದ್ದಕ್ಕೂ ಸಂಬಂಧವಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರಲ್ಲ ಆ ಡಾಕ್ಟರು, ಒಂದು ನಿಮಿಷ ಕುಳಿತು, ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ನೀನು ನಂಬುತ್ತಿದ್ದೆ. ನೀನು ಚೀಟಿ ನಂಬುವವಳು. ಚೀಟಿಯಲ್ಲಿ ಎರಡು ಎಂದಿದ್ದರೆ ಎರಡು ಮಾತ್ರೆ, ಗಿರಾಕಿ ಅತ್ತರೂ ಮೂರನೆಯದು ಇಲ್ಲ. ಬಾಯಿಮಾತು ನಿನಗೆ ಯಾವತ್ತೂ ಸಾಲಲಿಲ್ಲ.

ಮತ್ತೆ ನೀನು. ಒಂದೇ ಒಂದು ದಿನವೂ ತರಗತಿಗೆ ಬರಲಿಲ್ಲ. ಮನೆಯಲ್ಲೇ ಮೇಷ್ಟ್ರಿದ್ದಾರೆ, ತರಗತಿ ಯಾಕೆ ಎಂದೆ. ಸಂಜೆ ಅಂಗಡಿಯಿಂದ ಮನೆಯವರೆಗೆ ನನ್ನ ತೋಳು ಹಿಡಿದು ನಡೆಯುತ್ತಿದ್ದೆ, ನೆನಪಿದೆಯಾ, ಬೀದಿದೀಪದಿಂದ ಬೀದಿದೀಪಕ್ಕೆ ಒಂದೊಂದು ಸಾಲು ಹೇಳಿಕೊಂಡು, ನಾಲ್ಕು ದೀಪಕ್ಕೆ ಪದ್ಯ ಮುಗಿದು ಮತ್ತೆ ಮೊದಲಿನಿಂದ. ಹತ್ತು ವರ್ಷ ಕಾದು ಆದ ಬಸುರು ಎಂದು ನೆಲ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದೆ. ಆ ಒಂದು ತಿಂಗಳು ನನಗೆ ಸುಖವಾಗಿತ್ತು. ಪದ್ಯವನ್ನು ಒಬ್ಬಳಾದರೂ ಅಕ್ಷರ ಬಿಡದೆ ಪಾಲಿಸುತ್ತಿದ್ದಾಳೆ ಎಂದು.

ನಾನು ಏನು ತಪ್ಪು ಮಾಡಿದೆ, ಹೇಳು. ನನ್ನ ಕೆಲಸ ಕಚೇರಿಯ ಕೈಪಿಡಿಯಲ್ಲಿರುವುದನ್ನು ಜನಕ್ಕೆ ತಿಳಿಯುವ ಹಾಗೆ ಹೇಳುವುದು. ಅದರಲ್ಲಿದ್ದದ್ದನ್ನೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಗಂಟಿಗೆ ನಾನು ಹೊಣೆಯಲ್ಲ, ನೀನೂ ಅಲ್ಲ. ಆಸ್ಪತ್ರೆಯಲ್ಲಿ ಎರಡನೇ ದಿನ ನನ್ನ ಕೈ ಹಿಡಿದು ನೀನು ‘ಅಕ್ಕಾ, ಅವತ್ತು ಎದ್ದಾಗ ನಾನು ಅಂಗಾತ ಇದ್ದೆ’ ಎಂದೆ. ನಾನು ‘ಈಗ ಅದೆಲ್ಲ ಬೇಡ, ಮಲಗು’ ಎಂದೆ. ಅದರಲ್ಲಿ ತಪ್ಪೇನಿತ್ತು? ದಣಿದವಳಿಗೆ ಮಲಗು ಎನ್ನುವುದು ತಪ್ಪೇ? ಅದಾದ ಮೇಲೆ ನೀನು ನನ್ನೊಂದಿಗೆ ಮಾತಾಡಿಲ್ಲ. ನಾನು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದೆ. ಅದೂ ಎಡಕ್ಕೇ, ಪುಣ್ಯಾತ್ಗಿತ್ತಿ.

ಆದ್ದರಿಂದ ಮಾನ್ಯ ಸಭಿಕರೇ, ಈ ಸಭೆಯ ನಿರ್ಣಯ ಇಷ್ಟು: ಗುಬ್ಬಿ ಇವತ್ತಿನಿಂದ ಕುರ್ಚಿ ಬಿಟ್ಟು ಹಾಸಿಗೆಯಲ್ಲಿ ಮಲಗತಕ್ಕದ್ದು. ಯಾವ ಮಗ್ಗುಲಿಗಾದರೂ ಸರಿ, ಬೋರಲಾದರೂ ಸರಿ, ಅಡ್ಡಡ್ಡವಾದರೂ ಸರಿ. ಬೆಳಿಗ್ಗೆ ಒಂದಿಷ್ಟು ನಡೆಯತಕ್ಕದ್ದು, ಯಾವ ಹಾಳೆಯಲ್ಲೂ ಗುರುತು ಹಾಕತಕ್ಕದ್ದಲ್ಲ. ಕತ್ತರಿಯ ಮೇಲೆ ಸಿಟ್ಟಿದೆ ಎಂದೆನಲ್ಲ, ಅದನ್ನು ಅವನಿಗೆ ಹೇಳಬೇಡ. ಅವನು ತೊಟ್ಟಿಲಿಗೆಂದು ಹೊಲಿದಿಟ್ಟಿದ್ದ ಪುಟ್ಟ ಹೊದಿಕೆ ನನ್ನ ಬೀರುವಿನಲ್ಲಿದೆ. ಕೇಳಿದಾಗ ಕೊಡುತ್ತೇನೆ, ಕೇಳದಿದ್ದರೆ ಇರಲಿ. ನಿನ್ನ ಗಂಡನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಅವರು ಮಾಡುತ್ತಿರುವುದು ನನ್ನ ಪಾಲಿನ ಕೆಲಸ ಎಂದೂ ತಿಳಿಸು. ನಿನ್ನ ಕಣ್ಣಿಗೆ ನಿದ್ದೆ ಬರಲಿ ಎಂದು ಹರಸುತ್ತೇನೆ. ಎರಡು ವರ್ಷವಾದರೂ ದೊಡ್ಡವಳಲ್ಲವೇ, ಹರಸುವ ಅಧಿಕಾರವಿದೆ.

ನೀನು ಕರೆದರೂ, ಕರೆಯದಿದ್ದರೂ,
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ, ಅಂಚು ನೋಡಿದರೆ ಗೊತ್ತಾಗುತ್ತದೆ. ಸಭಿಕರು ಎದ್ದು ಹೋಗಲಿ. ಇದನ್ನು ನೀನೊಬ್ಬಳೇ ಓದು.

ಇದರ ಜೊತೆ ಕೈಪಿಡಿಯ ಒಂದು ಹಾಳೆ ಹರಿದು ಇಟ್ಟಿದ್ದೇನೆ. ಕಚೇರಿಯ ಮೊಹರಿದೆ, ಪುಟದ ಸಂಖ್ಯೆ ಇದೆ. ನಿನಗೆ ಬರೆದದ್ದೇ ಬೇಕಲ್ಲ. ಮಲಗುವಾಗ ಪಕ್ಕಕ್ಕೆ ಹೊರಳಿ ಎಂದಿದೆ, ಎಡವಾದರೂ ಸರಿ, ಬಲವಾದರೂ ಸರಿ ಎಂದಿದೆ. ಎಡಕ್ಕೆ ಡ ಇತ್ತು, ಬಲಕ್ಕಿರಲಿಲ್ಲ. ಅದರ ಕೆಳಗಿನ ಸಾಲು ಓದು. ‘ಎಚ್ಚರವಾದಾಗ ಅಂಗಾತ ಮಲಗಿದ್ದರೆ ಗಾಬರಿಯಾಗಬೇಡಿ. ನಿದ್ದೆಯಲ್ಲಿ ಎಲ್ಲರೂ ಹೊರಳುತ್ತಾರೆ. ಮತ್ತೆ ಪಕ್ಕಕ್ಕೆ ತಿರುಗಿ ಮಲಗಿ.’ ಇದು ಮೊದಲಿನಿಂದಲೂ ಇತ್ತು. ತರಗತಿಗೆ ಬಂದವರು ಕೇಳುತ್ತಾರೆ, ಕೇಳಿದವರಿಗೆ ಹೇಳುತ್ತೇನೆ. ನೀನು ಕೇಳಲಿಲ್ಲ, ನೀನು ಗೋಡೆ ಓದಿದೆ. ಎರಡು ಮಧ್ಯಾಹ್ನ ಕುಳಿತು ಇದನ್ನು ಪದ್ಯಕ್ಕೆ ಕೂರಿಸಲು ನೋಡಿದೆ, ಪ್ರಾಸ ಕೂಡಲಿಲ್ಲ, ಬಿಟ್ಟೆ. ಆಸ್ಪತ್ರೆಯಲ್ಲಿ ನೀನು ಕೈ ಹಿಡಿದು ಹೇಳಿದಾಗ ಈ ಸಾಲು ನನ್ನ ಬಾಯಲ್ಲೇ ಇತ್ತು. ಹೇಳಿದ್ದರೆ, ಹಾಗಾದರೆ ಅದನ್ನು ಯಾಕೆ ಬರೆಯಲಿಲ್ಲ ಎಂದು ನೀನು ಕೇಳುತ್ತಿದ್ದೆ. ಅದಕ್ಕೇ ಮಲಗು ಎಂದೆ.

ಜಾಗ ಇರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ನಾಲ್ಕು ಸಾಲು ಮುಗಿಸಿ ಪೇಂಟರ್ ಏಣಿಯಿಂದ ಕೆಳಗಿಳಿದು, ಇನ್ನೊಂದು ಸಾಲಿಗೆ ಜಾಗ ಉಳಿದಿದೆ ಮೇಡಂ, ಏನು ಬರೆಯಲಿ ಎಂದು ಕೇಳಿದ. ಒಂದು ಹೂವು ಬಿಡಿಸು ಎಂದವಳು ನಾನು.